ನನ್ನ ಮನೆಯಿಲ್ಲದ ನಕ್ಷೆ

ಈ ಪ್ರವಾಸದ ಬಗ್ಗೆ ಬರೆದುಕೊಡಿ ಎಂದು ನಮ್ಮ ಬಡಾವಣೆಯ ವಾಚನಾಲಯದವರು ಕೇಳಿ ಎರಡು ವರ್ಷವಾಯಿತು. ಮೊದಲ ಸಲ ಕೇಳಿದಾಗ ಕಣ್ಣಿಗೆ ಪೊರೆ ಬಂದಿದೆ ಎಂದೆ. ಪೊರೆ ತೆಗೆಸಿದ ಮೇಲೆ ಬೆರಳು ನೋವು ಎಂದೆ. ಕಳೆದ ತಿಂಗಳು ಕಾರ್ಯದರ್ಶಿ ರಸ್ತೆಯಲ್ಲೇ ಹಿಡಿದುಕೊಂಡರು. "ಏನ್ ಸಾರ್, ಮೊಮ್ಮಕ್ಕಳನ್ನ ನೋಡ್ಕೊಳ್ಳೋಕೆ ಫಾರಿನ್‌ಗೆ ಹೋಗಿ ಬಂದೋರು ಬೀದಿಗಿಬ್ರು ಸಿಗ್ತಾರೆ. ಬನ್ನಿ, ನಮಗೆ ಹೇಳಿಕೊಡಿ ಅಂತ ಅವರೇ ಕರೆಸ್ಕೊಂಡಿದ್ದು ನಿಮ್ಮೊಬ್ಬರನ್ನ. ಬರೀರಿ ಸಾರ್, ನಾಲ್ಕು ಜನ ಓದ್ಲಿ" ಎಂದರು. ನಾಲ್ಕು ಜನ ಓದುತ್ತಾರೆ ಎಂಬುದೇ ನನ್ನ ಭಯವಾಗಿತ್ತು. ನೋವು ಬೆರಳಿನಲ್ಲಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು, ಅಷ್ಟೇ. ಬೆಂಗಳೂರಿನ ಶ್ರೀನಗರದ ಒಂದು ಕ್ಲಿನಿಕ್ಕಿನಲ್ಲಿ ಮೂವತ್ತೆಂಟು ವರ್ಷ ಕಾಂಪೌಂಡರ್ ಆಗಿದ್ದೆ. ಸೀಸೆಗೆ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದ ಕಾಲದವನು. ಒಂದು ಹಲ್ಲಿಗೆ ಒಂದು ಡೋಸ್. ಲೇಬಲ್ಲಿನ ಮೇಲೆ ರೋಗಿಯ ಹೆಸರನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ. ಆ ಅಕ್ಷರವೇ ನನ್ನನ್ನು ಎಪ್ಪತ್ತಾರನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಯಿತು. ಅದರ ಕಥೆ ಹೇಳದೆ ಪ್ರವಾಸದ ಕಥೆ ಹೇಳಲು ನನಗೆ ಬರುವುದಿಲ್ಲ.

ಹೊರಡುವ ಮುನ್ನ: ಶ್ರೀನಗರ

ಜಯನಗರದ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಡಾಕ್ಟರಾಗಿರುವ ವಸುಧಾ ಅವರು ನಮ್ಮ ಕಡೆ ಒಂದು ಉಬ್ಬಸದ ಬಳಗ ಕಟ್ಟಿದರು. ಭಾನುವಾರ ಬೆಳಿಗ್ಗೆ ಶಾಲೆಯ ಒಂದು ಕೊಠಡಿಯಲ್ಲಿ ಸೇರುತ್ತಿದ್ದೆವು. ಉಬ್ಬಸದ ಮಕ್ಕಳ ತಾಯಂದಿರು, ಒಬ್ಬರು ಮೆಡಿಕಲ್ ಶಾಪಿನವರು, ಇಬ್ಬರು ಟೀಚರುಗಳು, ಮತ್ತೆ ನಾನು. ನನ್ನ ಹೆಂಡತಿ ಸರೋಜಾಗೆ ಉಬ್ಬಸವಿತ್ತು. ಅದಕ್ಕೇ ಸೇರಿದ್ದೆ. ಅವಳು ಹೋದ ಮೇಲೆ ಭಾನುವಾರ ಎಲ್ಲಾದರೂ ಹೋಗಬೇಕಲ್ಲ ಎಂದು ಹೋಗುತ್ತಿದ್ದೆ.

ಡಾಕ್ಟರಿಗೆ ಟವೆಲ್ ಹೊದಿಸಿದ ಕುರ್ಚಿ. ಬೇಡ ಎಂದರೂ ನಾವು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ನನಗೊಂದು ಕುರ್ಚಿ, ಏಕೆಂದರೆ ನಾನು ಕಾಂಪೌಂಡರ್, ಅರ್ಧ ಡಾಕ್ಟರು. ಗೋಡೆಗೆ ಒರಗಿ ಹಿಂದೆ ನಿಲ್ಲುತ್ತಿದ್ದವಳು ಹೊಸಕೆರೆಹಳ್ಳಿಯಿಂದ ಬರುತ್ತಿದ್ದ ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಅವಳ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಒಂದು ದಿನವೂ ಕರೆದವನಲ್ಲ. "ಏನಮ್ಮಾ, ಇಲ್ಲಿ ಬಾ" ಎಂದರೆ ಮುಗಿಯುತ್ತಿತ್ತು. ಈಗ ಬರೆಯಲು ಕೂತರೂ ಆ ಹೆಸರಿಗೆ ಕೈ ಹೋಗುತ್ತಿಲ್ಲ. ಸ್ವಲ್ಪ ತಾಳಿ.

ಬಳಗದ ನಿಜವಾದ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ. ಮನೆ ಮನೆಗೆ ಹೋಗಿ, ಯಾರಿಗೆ ಉಬ್ಬಸ, ಯಾವ ದಿನ ಬಂತು, ಅವತ್ತು ಮನೆಯಲ್ಲಿ ಏನು ನಡೆದಿತ್ತು ಎಂದು ಇನ್ನೂರು ಪುಟದ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಬರೆಯುವುದಕ್ಕಿಂತ ಬಿಡಿಸುವುದೇ ಹೆಚ್ಚು. ಸೊಳ್ಳೆ ಬತ್ತಿಗೆ ಸುರುಳಿ. ಕಿಟಕಿಯಲ್ಲಿ ಕೂರುವ ಪಾರಿವಾಳಕ್ಕೆ ಒಂದು ಕೊಕ್ಕು. ಒಗ್ಗರಣೆ ಹೊಗೆಗೆ ಬಾಣಲೆ. ನೀರು ಇಳಿದ ಗೋಡೆಗೆ ಮೂರು ಹನಿ. ಸಾಂಬ್ರಾಣಿಗೆ ಧೂಪಾರತಿ. ಮನೆಯೊಳಗೆ ಬಿಡದವರಿಗೆ ಒಂದು ಮುಚ್ಚಿದ ಬಾಗಿಲು. ಓದು ಬರದ ಅಜ್ಜಿಯರೂ ತಮ್ಮ ಮನೆಯ ಪುಟ ನೋಡಿ "ಅಯ್ಯೋ, ಇದು ನಮ್ಮ ಬಾಣಲೆ ಕಣವ್ವ" ಎಂದು ನಗುತ್ತಿದ್ದರು. ಕೊನೆಯಲ್ಲಿ ಎರಡು ಹಾಳೆ ಅಂಟಿಸಿ ನಮ್ಮ ಬೀದಿಗಳ ನಕ್ಷೆಯನ್ನೂ ಬರೆದಿದ್ದಳು, ಪ್ರತಿ ಮನೆಯ ಮೇಲೆ ಅದರ ಗುರುತು ಹಾಕಿ.

ಒಂದು ಭಾನುವಾರ ಪುಸ್ತಕ ನನ್ನ ಕೈಗಿತ್ತಳು. "ಸಾರ್, ನಿಮ್ಮ ಅಕ್ಷರ ಮುತ್ತಿನ್ ಹಂಗದೆ. ಒಂದ್ಸಲ ನೀಟಾಗಿ ಬರ್ಕೊಟ್ಬಿಡಿ. ಇದನ್ನ ಹಿಂಗೇ ಡಾಕ್ಟ್ರು ಮೇಡಂಗೆ ತೋರ್ಸೋಕೆ ನಾಚ್ಕೆ ಆಯ್ತದೆ."

ಇಪ್ಪತ್ತು ದಿನ ಕೂತು ಬರೆದೆ. ಒಂದು ಪುಟ ಬಿಟ್ಟೆ. ಆ ಪುಟದ ಮಾತು ಮುಂದೆ ಬರುತ್ತದೆ.

ನನ್ನ ಪ್ರತಿ ನೋಡಿ ವಸುಧಾ ಅವರು ಎದ್ದೇ ನಿಂತರು. "ಮೂರ್ತಿಯವರೇ, ಇದೆಲ್ಲಾ ನೀವು ಮಾಡಿದ್ದಾ? ಈ ವಯಸ್ಸಲ್ಲಿ? ಮನೆ ಮನೆ ತಿರುಗಿ?"

ಆಗ ನಾನು ಹೇಳಿದ ಮಾತು ಇಷ್ಟೇ: "ಏನೋ ಮೇಡಂ, ಹೊತ್ತು ಹೋಗ್ಬೇಕಲ್ಲ."

ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥ ಒಂದು ಪದವೂ ಅದರಲ್ಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು, ನನ್ನನ್ನು ನೋಡಿದಳು, ಮತ್ತೆ ಹಿಂದಕ್ಕೆ ಹೋಗಿ ಬ್ಯಾಗಿನ ಜಿಪ್ಪು ಎಳೆದುಕೊಂಡಳು. ಆ ಜಿಪ್ಪಿನ ಸದ್ದು ಚಪ್ಪಾಳೆಯ ನಡುವೆಯೂ ನನಗೆ ಕೇಳಿತು. ಮುಂದಿನ ಭಾನುವಾರದಿಂದ ಬರಲಿಲ್ಲ. "ಯಾಕೆ ಬರ್ತಿಲ್ಲ ಅವರು?" ಎಂದು ಡಾಕ್ಟರು ಕೇಳಿದರೆ, "ಅವರಿಗೆಲ್ಲಿ ಪುರುಸೊತ್ತು ಮೇಡಂ, ಹತ್ತೆಂಟು ಸರ್ವೆ" ಎಂದವನೂ ನಾನೇ.

ನನ್ನ ಪ್ರತಿಯ ಫೋಟೋಗಳನ್ನು ಡಾಕ್ಟರು ಇಂಗ್ಲೆಂಡಿನ ಒಂದು ಊರಿನ ಉಬ್ಬಸದ ಬಳಗಕ್ಕೆ ಕಳಿಸಿದ್ದರು. ಅಲ್ಲಿಂದ ಡಾಕ್ಟರಿಗೂ ನನಗೂ ಕರೆ ಬಂತು.

ವಿಮಾನ ನಿಲ್ದಾಣ

ನನ್ನ ಅಂಗಿಯ ಜೇಬಿನಲ್ಲಿ, ಉಬ್ಬಸ ಬಂದಾಗ ಸರೋಜಾ ಬಾಯಿಗಿಟ್ಟು ಎಳೆದುಕೊಳ್ಳುತ್ತಿದ್ದ ಔಷಧಿಯ ಪಂಪು ಇತ್ತು. ಮುಗಿದುಹೋದದ್ದು. ಅವಳು ಹೋಗಿ ಒಂದು ವರ್ಷವಾಗಿದ್ದರೂ ಅದನ್ನು ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಅವಳು ಮರೆತು ಹೊರಡುತ್ತಿದ್ದಳು, ನಾನು ಇಟ್ಟುಕೊಂಡಿರುತ್ತಿದ್ದೆ.

ಲಂಡನ್ನಿನಲ್ಲಿ ತಪಾಸಣೆಯವನು ಅದನ್ನು ತಟ್ಟೆಯಿಂದ ಎತ್ತಿ "ನಿಮ್ಮದಾ?" ಎಂದು ಕೇಳಿದ. ನನ್ನ ಹೆಂಡತಿಯದು ಎಂದೆ. "ಅವರೆಲ್ಲಿ?" ಎಂದ. ಇಂಗ್ಲಿಷ್ ತಕ್ಷಣ ಬಾಯಿಗೆ ಬರಲಿಲ್ಲ, ಬೆರಳು ಮೇಲಕ್ಕೆ ತೋರಿಸಿದೆ. ಅವನು ತಲೆಯೆತ್ತಿ ಮೇಲಿನ ಮಹಡಿಯ ಗಾಜಿನ ಕಡೆ ನೋಡಿದ. ಯಾರಾದರೂ ಕೈ ಬೀಸುತ್ತಾರೇನೋ ಎಂದು ಕಾದ. ಆಮೇಲೆ ನನ್ನ ಮುಖ ನೋಡಿದ, ಪಂಪನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟ. ನನ್ನ ಚಟ್ನಿಪುಡಿಯ ಡಬ್ಬವನ್ನು ಮಾತ್ರ ಮೂವರು ಮೂಸಿ ನೋಡಿದರು. ಮೂರನೆಯವಳು ಸೀನಿದಳು.

ಮೊದಲ ದಿನ: ಕಪ್ಪು ಕಲ್ಲಿನ ಊರು

ಅದು ಉತ್ತರದಲ್ಲಿ, ಹಿಂದೆ ಬಟ್ಟೆ ಗಿರಣಿಗಳಿದ್ದ ಊರು. ಗಿರಣಿಗಳು ನಿಂತು ಎಷ್ಟೋ ಕಾಲವಾಗಿದೆ, ಹೊಗೆ ಮಾತ್ರ ಕಲ್ಲಿನ ಗೋಡೆಗಳಿಗೆ ಅಂಟಿಕೊಂಡು ಕೂತಿದೆ. ಮನೆಗಳು ಒಂದಕ್ಕೊಂದು ಭುಜ ತಾಗಿಸಿ ಸಾಲಾಗಿ ನಿಂತಿವೆ. ನಮ್ಮ ಶ್ರೀನಗರದ ಅಡ್ಡರಸ್ತೆಗಳ ಹಾಗೇ ಅಕ್ಕಪಕ್ಕದ ಗೋಡೆ ಒಂದೇ. ಆದರೆ ಜಗಲಿಯಿಲ್ಲ, ಜಗಲಿಯ ಮೇಲೆ ಕೂತವರಿಲ್ಲ, ಹೂವಿನವಳ ಕೂಗಿಲ್ಲ, ಕುಕ್ಕರಿನ ಸೀಟಿಯಿಲ್ಲ. ಬಾಗಿಲು ಹಾಕಿದ ಮನೆಗಳ ನಡುವೆ ನಡೆಯುತ್ತಾ ನನ್ನ ಬೂಟಿನ ಸದ್ದನ್ನು ನಾನೇ ಕೇಳಿಕೊಂಡೆ.

ವಸುಧಾ ಅವರಿಗೆ ಒಬ್ಬ ಡಾಕ್ಟರ ಮನೆಯಲ್ಲಿ ಜಾಗ. ನನಗೆ ಟಾಮ್ ಎಂಬುವರ ಮನೆಯಲ್ಲಿ. ಟಾಮ್ ಬಸ್ ಓಡಿಸಿ ನಿವೃತ್ತರಾದವರು, ನನ್ನದೇ ವಯಸ್ಸು, ಹೆಂಡತಿ ತೀರಿಕೊಂಡಿದ್ದಾರೆ. ಅಲ್ಲಿನ ಬಳಗಕ್ಕೆ ಅವರೇ ಅಧ್ಯಕ್ಷರು. ಬಸ್ ಡ್ರೈವರು ಅಧ್ಯಕ್ಷ, ಡಾಕ್ಟರು ಸದಸ್ಯ! ನಾನು ತಪ್ಪಾಗಿ ಅರ್ಥ ಮಾಡಿಕೊಂಡೆನೇನೋ ಎಂದು ವಸುಧಾ ಅವರನ್ನು ಎರಡು ಸಲ ಕೇಳಿದೆ.

ನನ್ನ ಇಂಗ್ಲಿಷು ಕಾಂಪೌಂಡರ್ ಇಂಗ್ಲಿಷು. ಟೀ ಹೇಗೆ ಬೇಕು ಎಂದು ಟಾಮ್ ಕೇಳಿದರೆ "ಎರಡು ಹೊತ್ತು, ಊಟದ ನಂತರ" ಎಂದುಬಿಟ್ಟೆ. ಅವರು ನಗಲಿಲ್ಲ. ಮೂರು ದಿನವೂ ಎರಡೇ ಹೊತ್ತು, ಊಟದ ನಂತರ, ಟೀ ತಂದಿಟ್ಟರು.

ಸಂಜೆ ಬಸ್ಸಿನಲ್ಲಿ ಒಬ್ಬ ಹೆಂಗಸಿನ ಕಾಲು ತುಳಿದೆ. ಆಕೆ "ಸಾರಿ" ಎಂದಳು. ತುಳಿದವನು ನಾನು, ಸಾರಿ ಎಂದವಳು ಆಕೆ! ಅಂಗಡಿಯಲ್ಲಿ ನಾನು ದಾರಿಗಡ್ಡ ನಿಂತರೂ ಅವರೇ ಸಾರಿ, ಬಾಗಿಲು ನನ್ನ ಮೂಗಿಗೆ ತಾಗಿದರೂ ಬಾಗಿಲಿನ ಪರವಾಗಿ ಯಾರೋ ಸಾರಿ. ನಮ್ಮಲ್ಲಿ ಕಾಲು ತಾಗಿದರೆ ಮಾತಾಡುವುದಿಲ್ಲ. ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಭ್ಯಾಸಬಲದಿಂದ ಬಗ್ಗಿದೆ, ಬಸ್ಸು ತಿರುಗಿತು, ಆಕೆಯ ಮಡಿಲಿಗೇ ಬೀಳುವುದರಲ್ಲಿದ್ದೆ. ಮತ್ತೆ ಸಾರಿ. ಆ ಊರಿನಲ್ಲಿ ನಾಲ್ಕು ದಿನಕ್ಕೆ ಅಷ್ಟೊಂದು ಕ್ಷಮೆ ನನ್ನ ಪಾಲಿಗೆ ಬಂತು. ನಾನು ಕೇಳಬೇಕಾಗಿದ್ದದ್ದು ಒಂದೇ ಒಂದು, ಅದು ಐದು ಸಾವಿರ ಮೈಲಿ ಹಿಂದೆ ಉಳಿದಿತ್ತು.

ಎರಡನೆಯ ದಿನ: ಮಾರ್ಗರೆಟ್ ಜೊತೆ ಒಂದು ಮನೆಗೆ

ಮಾರ್ಗರೆಟ್ ಅಲ್ಲಿನ ನರ್ಸು. ದಪ್ಪನೆಯ ಹೆಂಗಸು, ನಡಿಗೆ ಜೋರು. ಉಬ್ಬಸದ ಮಗುವಿದ್ದ ಒಂದು ಮನೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು.

ಬಾಗಿಲು ತೆರೆದ ತಾಯಿ ಇನ್ನೂ ಹುಡುಗಿ. ಮುಖ ಬಿಗಿದಿತ್ತು. ಮಾರ್ಗರೆಟ್ ಒಳಗೆ ನುಗ್ಗಲಿಲ್ಲ. "ನಾನು ಎಲ್ಲಿ ಕೂರಲಿ?" ಎಂದು ಕೇಳಿದರು. ಅಡಿಗೆಮನೆಯ ಸ್ಟೂಲು ತೋರಿಸಿದಳು. ಅಲ್ಲೇ ಕೂತು, ಚೀಲದಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟು ಹೇಳಿದರು: "ಇದು ನನ್ನ ಮನೆ. ನನ್ನ ಬಚ್ಚಲುಮನೆಯ ಗೋಡೆ ನೋಡು, ಬೂಷ್ಟು ಹಿಡಿದು ಕಪ್ಪಗಿದೆ. ಹಾಸಿಗೆಯಲ್ಲಿ ನಾಯಿ ಮಲಗುತ್ತೆ. ನಮ್ಮ ಬಳಗದವರು ಬಂದು ನೋಡಿ ನನಗೆ ಚೆನ್ನಾಗಿ ಬೈದರು."

ಆ ಹುಡುಗಿ ಹಾಳೆಯನ್ನು ನೋಡಿದಳು. ತುಟಿ ಸಡಿಲವಾಯಿತು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ತಿರುಗಿ, ನಾವು ಬಂದಾಗಿನಿಂದ ತಾನು ಬೆನ್ನು ಕೊಟ್ಟು ನಿಂತಿದ್ದ ಒಂದು ಬೀರುವನ್ನು ಪಕ್ಕಕ್ಕೆ ತಳ್ಳಿದಳು. ಹಿಂದಿನ ಗೋಡೆ ತುಂಬ ಬೂಷ್ಟು, ಕರಿಕಂಬಳಿ ಹೊದಿಸಿದ ಹಾಗೆ. ಅಲ್ಲಿ ಚಳಿಗೆ ಬಟ್ಟೆಯನ್ನು ಮನೆಯೊಳಗೇ ಒಣಗಿಸುತ್ತಾರೆ, ಕಿಟಕಿ ತೆಗೆಯುವುದಿಲ್ಲ. ಆ ತೇವವೆಲ್ಲ ಗೋಡೆಗೆ ಹೋಗಿ ಕೂರುತ್ತದೆ. ಮಗು ಮಲಗುತ್ತಿದ್ದ ತೊಟ್ಟಿಲು ಬೀರುವಿನ ಪಕ್ಕದಲ್ಲೇ ಇತ್ತು.

ಹೊರಗೆ ಬಂದ ಮೇಲೆ ವಸುಧಾ ಅವರು ಕೇಳಿದರು, ಆ ಹಾಳೆ ಏನು ಎಂದು. ಅದು ಅವರ ಬಳಗದ ಕಟ್ಟಳೆಯಂತೆ. ಡಾಕ್ಟರಿರಲಿ, ನರ್ಸಿರಲಿ, ಔಷಧಿ ಅಂಗಡಿಯವರಿರಲಿ, ಮೊದಲು ತಮ್ಮ ಮನೆಯ ಬಾಗಿಲು ತೆರೆಯಬೇಕು. ಬಳಗದ ಮೂವರು ಬಂದು ಒಂದೊಂದು ಕೋಣೆಯನ್ನೂ ನೋಡಿ ಹಾಳೆ ಬರೆಯುತ್ತಾರೆ. ಆ ಹಾಳೆ ಕೈಯಲ್ಲಿಲ್ಲದೆ ಇನ್ನೊಬ್ಬರ ಮನೆಗೆ ಕಾಲಿಡುವಂತಿಲ್ಲ.

"ಮೊದಲು ನಾವೂ ಸುಮ್ಮನೆ ಬುದ್ಧಿ ಹೇಳೋಕೆ ಹೋಗ್ತಾ ಇದ್ದೆವು. ಯಾರೂ ಬೀರು ಸರಿಸುತ್ತಿರಲಿಲ್ಲ" ಎಂದರು ಮಾರ್ಗರೆಟ್.

ವಸುಧಾ ಅವರು ನನ್ನ ಕಡೆ ತಿರುಗಿ "ನಮ್ಮೂರಲ್ಲೂ ಇದನ್ನ ಮಾಡೋಣ ಮೂರ್ತಿಯವರೇ. ಮೊದಲು ನಮ್ಮನೆ, ಆಮೇಲೆ ನಿಮ್ಮನೆ" ಎಂದು ಹುರುಪಿನಿಂದ ಹೇಳಿದರು. ನಾನು ಮಫ್ಲರನ್ನು ಮೂಗಿನವರೆಗೂ ಎಳೆದುಕೊಂಡೆ.

ಮೂರನೆಯ ದಿನ: ಸಭೆ

ಸಭೆ ನಡೆದದ್ದು ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ. ಕುರ್ಚಿಗಳು ದುಂಡಗೆ, ಎಲ್ಲವೂ ಒಂದೇ ಥರ. ಟವೆಲ್ ಯಾವುದರ ಮೇಲೂ ಇಲ್ಲ. ಡಾಕ್ಟರು ಮಾತಾಡಬೇಕಾದರೆ ಕೈ ಎತ್ತುತ್ತಿದ್ದರು, "ಸ್ವಲ್ಪ ಇರಿ, ಆಕೆ ಮುಗಿಸಲಿ" ಎಂದು ಟಾಮ್ ಕೂರಿಸುತ್ತಿದ್ದರು. ವಿರಾಮದಲ್ಲಿ ಕಪ್ಪು ತೊಳೆದವರೂ ಅದೇ ಡಾಕ್ಟರು. ನಮ್ಮ ಹಳೆಯ ಡಾಕ್ಟರು ಮೂವತ್ತೆಂಟು ವರ್ಷದಲ್ಲಿ ಒಂದು ಸಲ ತಮ್ಮ ನೀರಿನ ಲೋಟ ತಾವೇ ತುಂಬಿಕೊಂಡದ್ದು ನನಗೆ ನೆನಪಿಲ್ಲ. ನಾನು ತುಂಬಿಕೊಡುತ್ತಿದ್ದೆ. ನನಗೆ ಆಯಾ ತುಂಬಿಕೊಡುತ್ತಿದ್ದಳು.

ಒಂದು ಗೋಡೆಯ ತುಂಬ ಅವರ ಮನೆಗಳ ಹಾಳೆಗಳು. ಎದುರು ಗೋಡೆಯಲ್ಲಿ ನಮ್ಮ ಶ್ರೀನಗರ!

ನಕ್ಷೆಯನ್ನು ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿದ್ದರು. ನಾನು ದಿನಾ ನಡೆಯುವ ರಸ್ತೆಗಳು, ಹಿಟ್ಟಿನ ಗಿರಣಿ, ಶಾಲೆ, ಅರಳಿಕಟ್ಟೆ, ಎಲ್ಲ ಅಲ್ಲಿತ್ತು. ಅಷ್ಟು ದೂರದಲ್ಲಿ, ಆ ಚಳಿಯಲ್ಲಿ, ನಮ್ಮ ಬೀದಿಯನ್ನು ಕಂಡು ಹತ್ತಿರ ಹೋಗಿ ಬೆರಳಿಂದ ಮುಟ್ಟಿದೆ. ಕೆಳಗೆ ಇಂಗ್ಲಿಷಿನಲ್ಲಿ ದಪ್ಪಕ್ಷರ: ಬರೆದವರು, ಮೂರ್ತಿ, ಬೆಂಗಳೂರು. ಬೇರೆ ಹೆಸರಿರಲಿಲ್ಲ.

ಗುರುತುಗಳನ್ನು ಅವರು ತುಂಬ ಮೆಚ್ಚಿದರು. ಸುರುಳಿ ಏನು, ಕೊಕ್ಕು ಏನು ಎಂದು ಒಬ್ಬೊಬ್ಬರಾಗಿ ಕೇಳಿದರು. ನಾನು ಹೇಳಿದ್ದನ್ನು ವಸುಧಾ ಅವರು ಇಂಗ್ಲಿಷಿನಲ್ಲಿ ಹೇಳಿದರು. ಧೂಪಾರತಿಗೆ ಬಂದಾಗ ಬೇಗ ಬೇಗ ಹೇಳಿ ಮುಂದಿನ ಗುರುತಿಗೆ ಹೋದೆ. ಯಾರೂ ಗಮನಿಸಲಿಲ್ಲ.

ಆಗ ಟಾಮ್ ಎದ್ದು ನಕ್ಷೆಯ ಹತ್ತಿರ ಹೋಗಿ ಕನ್ನಡಕ ಏರಿಸಿಕೊಂಡರು. "ಈ ಮುಚ್ಚಿದ ಬಾಗಿಲು?"

"ಕೆಲವು ಮನೆಯವರು ಒಳಗೆ ಬಿಡಲಿಲ್ಲ" ಎಂದೆ.

"ನಿಮ್ಮನ್ನೇ ಬಿಡಲಿಲ್ಲವಾ? ಇಷ್ಟು ವರ್ಷ ಅವರಿಗೆಲ್ಲ ಔಷಧಿ ಕೊಟ್ಟವರನ್ನ?"

ಟಾಮ್ ನಕ್ಷೆಯ ಮೇಲೆ ಬೆರಳಾಡಿಸುತ್ತಾ ಮತ್ತೆ ಕೇಳಿದರು. "ಮತ್ತೆ ನಿಮ್ಮ ಮನೆ? ಇದರಲ್ಲಿ ನಿಮ್ಮ ಮನೆ ಯಾವುದು?"

ಬಿಟ್ಟ ಪುಟ ಅದೇ. ನನ್ನ ಮನೆಯ ಪುಟ. ನಕ್ಷೆಯಲ್ಲೂ ಆ ಜಾಗ ಖಾಲಿ ಬಿಟ್ಟಿದ್ದೆ.

ಆ ಹೊಸಕೆರೆಹಳ್ಳಿಯವಳು ನಮ್ಮ ಮನೆಗೂ ಬಂದಿದ್ದಳು, ಸರೋಜಾ ಇದ್ದಾಗ. ನಾನು ಗೇಟಿನ ಹತ್ತಿರವೇ ನಿಲ್ಲಿಸಿ "ಅಲ್ಲಿಂದ್ಲೇ ಹೇಳಮ್ಮ" ಎಂದಿದ್ದೆ. ಅವಳ ಜಾತಿ ನಾನು ಕೇಳಿರಲಿಲ್ಲ. ಕೇಳದೆಯೇ ಗೊತ್ತು ಅಂದುಕೊಂಡಿದ್ದೆ. ಅವಳು ಗೇಟಿನ ಹೊರಗೆ ನಿಂತೇ ಗಾಳಿ ಮೂಸಿ, "ಸಾರ್, ಸಾಂಬ್ರಾಣಿ ವಾಸ್ನೆ ಬೀದಿಗೇ ಬತ್ತದೆ. ಅಮ್ಮಾರಿಗೆ ಉಬ್ಸ ಅಂತೀರಾ. ಕಿಟ್ಕಿನಾದ್ರೂ ತೆಗ್ದಿಡಿ, ಇಲ್ಲಾಂದ್ರೆ ಸ್ವಲ್ಪ ದಿನ ನಿಲ್ಸಿ ನೋಡಿ" ಎಂದಳು. ನನಗೆ ರೇಗಿತು. "ನಮ್ಮ ದೇವರ ಮನೆ ವಿಚಾರ ನಿನಗ್ಯಾಕೆ? ಮಾತ್ರೆ ಹಂಚೋಕೆ ಬಂದಿದೀಯ, ಹಂಚು" ಎಂದೆ. ಒಳಗೆ ಹೋದಾಗ ಸರೋಜಾ ಕೇಳಿದಳು, "ಏನಂತೆ ರೀ ಆ ಹುಡುಗಿ?" "ಏನಿಲ್ಲ, ಯಾವುದೋ ಮಾತ್ರೆ ವಿಷಯ" ಎಂದೆ. ಧೂಪ ಹಾಕುವುದನ್ನು ನಿಲ್ಲಿಸಲಿಲ್ಲ. ನಾನೇ ಹಾಕುತ್ತಿದ್ದೆ, ಬೆಳಿಗ್ಗೆ ಸಂಜೆ, ಕಿಟಕಿ ಮುಚ್ಚಿ, ಮನೆಯೆಲ್ಲ ತುಂಬಲಿ ಎಂದು. ಸರೋಜಾ ಪಕ್ಕದ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕೂತಿರುತ್ತಿದ್ದಳು. ಕೊನೆಗೆ ಅವಳನ್ನು ಕರೆದುಕೊಂಡು ಹೋದದ್ದು ಹೃದಯ ಎಂದರು ಆಸ್ಪತ್ರೆಯವರು. ಇರಬಹುದು. ನಾನು ಕಾಂಪೌಂಡರ್. ಉಬ್ಬಸದ ಎದೆಗೆ ಹೊಗೆ ಏನು ಮಾಡುತ್ತದೆ ಎಂದು ಯಾರೂ ಬಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಟಾಮ್ ಇನ್ನೂ ಬೆರಳಿಟ್ಟುಕೊಂಡು ನಿಂತಿದ್ದರು. ದುಂಡಗೆ ಕೂತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಒಳ್ಳೆಯ ಮುಖದಿಂದ. ವಸುಧಾ ಅವರೂ.

"ನನ್ನ ಮನೆಯ ಹಾಳೆ ಊರಲ್ಲಿದೆ" ಎಂದೆ. "ಸೂಟ್‌ಕೇಸಿಗೆ ಹಾಕಲು ಮರೆತೆ."

"ಓ, ಸಾರಿ" ಎಂದರು ಟಾಮ್, ಕೇಳಬಾರದ್ದನ್ನು ಕೇಳಿದವರ ಹಾಗೆ.

ನಾಲ್ಕನೆಯ ದಿನ: ಸಂಜೆ ನಾಲ್ಕು ಗಂಟೆ

ಅಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಕತ್ತಲಾಗುತ್ತದೆ. ನಮ್ಮಲ್ಲಿ ಅದು ಕಾಫಿ ಪುಡಿ ಮುಗಿದಿದೆಯೆಂದು ನೆನಪಾಗುವ ಸಮಯ, ಮಕ್ಕಳು ಶಾಲೆ ಬಿಟ್ಟು ಬೀದಿಯಲ್ಲಿ ಕಿರುಚುವ ಸಮಯ. ಅಲ್ಲಿ ಅದೇ ಹೊತ್ತಿಗೆ ಟಾಮ್ ಪರದೆ ಎಳೆದರು. ಇಬ್ಬರು ಮುದುಕರು ಒಂದು ಹೀಟರಿನ ಮುಂದೆ ಕೂತೆವು. ಗೋಡೆಯ ಮೇಲೆ ಅವರ ಹೆಂಡತಿಯ ಫೋಟೋ, ಪಕ್ಕದಲ್ಲೇ ಅವರ ಮನೆಯ ಹಾಳೆ, ಅದಕ್ಕೂ ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದ್ದರು.

ಹಾಳೆಯ ಮೇಲೆ ಏನಿದೆ ಎಂದು ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ, ಒಂದೊಂದೇ ಪದ ಇಟ್ಟು ಹೇಳಿದರು. ನಲವತ್ತು ವರ್ಷ ಇದೇ ಕುರ್ಚಿಯಲ್ಲಿ ಕೂತು ಸಿಗರೇಟು ಸೇದಿದ್ದಾರೆ. ಆಕೆ ಕೆಮ್ಮುತ್ತಿದ್ದಳು, ಇವರು ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದರು.

"ಕೊನೆಯ ವಾರ ಅವಳ ಹತ್ತಿರ ಸಾರಿ ಕೇಳಿದೆ" ಎಂದರು.

"ಏನು ಹೇಳಿದರು?"

"ಬಹಳ ಹೊತ್ತು ಮಾಡಿದೆಯಲ್ಲೋ, ಅಂದಳು. ಅಂದು ನಕ್ಕಳು." ಟಾಮ್ ತಾವೂ ನಗಲು ಹೋಗಿ ಕೆಮ್ಮಿದರು. "ನಿಮ್ಮಾಕೆ?"

ನಾನು ಜೇಬಿನಿಂದ ಪಂಪು ತೆಗೆದು ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟೆ. ಹೇಳಲು ಇಂಗ್ಲಿಷ್ ಇರಲಿಲ್ಲ. ಕನ್ನಡವೂ ಇರಲಿಲ್ಲ. ಟಾಮ್ ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಖಾಲಿ ಎಂದು ಅವರಿಗೂ ತಿಳಿಯಿತು. ಎದ್ದು ಹೋಗಿ ಟೀ ಮಾಡಿದರು. ಊಟದ ನಂತರದ್ದಲ್ಲ ಅದು. ಮೂರನೆಯ ಹೊತ್ತಿನದು.

ರೈಲಿನಲ್ಲಿ

ಮರುದಿನ ಲಂಡನ್ನಿಗೆ ರೈಲು. ಕಿಟಕಿಯಾಚೆ ಹೊಲಗಳು, ಕುರಿಗಳು, ಒಬ್ಬ ಮನುಷ್ಯನಿಲ್ಲ. ವಸುಧಾ ಅವರು ಎದುರು ಕೂತು ನಕ್ಷೆಯ ಅಚ್ಚಿನ ಪ್ರತಿಗಳನ್ನು ಸುರುಳಿ ಸುತ್ತುತ್ತಿದ್ದರು. ಹೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. "ಮೇಡಂ" ಎಂದೆ.

"ಹೇಳಿ ಮೂರ್ತಿಯವರೇ."

"ಆ ಹೊಸಕೆರೆಹಳ್ಳಿ ಆಶಾ ಇದ್ದಳಲ್ಲ..."

"ಹೌದು, ಪಾಪ, ಬರೋದೇ ಬಿಟ್ಟರು. ಊರಿಗೆ ಹೋದ ಮೇಲೆ ಒಂದು ಸಲ ಕರೆಯೋಣ. ಅವರಿಗೆ ಇಂಥದ್ದರಲ್ಲಿ ಅಷ್ಟು ಆಸಕ್ತಿ ಇರಲಿಲ್ಲವೇನೋ ಅಲ್ವಾ?"

ಅದು ಪ್ರಶ್ನೆಯಾಗಿತ್ತು. ಉತ್ತರಕ್ಕೆ ಜಾಗ ಬಿಟ್ಟು ಕೇಳಿದ ಪ್ರಶ್ನೆ. ಟಿಕೆಟು ನೋಡುವವನು ಬಂದ. ನಾನು ಟಿಕೆಟು ಹುಡುಕಿದೆ. ಕೈಯಲ್ಲೇ ಇದ್ದ ಟಿಕೆಟನ್ನು ಎಲ್ಲ ಜೇಬುಗಳಲ್ಲೂ ಹುಡುಕಿದೆ. ಅವನು ಹೋಗುವ ಹೊತ್ತಿಗೆ ಡಾಕ್ಟರು ಕಣ್ಣು ಮುಚ್ಚಿದ್ದರು. ನನಗೆ ಸಮಾಧಾನವಾಯಿತು. ಆ ಸಮಾಧಾನ ನೆನೆಸಿಕೊಂಡರೆ ಈಗಲೂ ತಲೆ ತಗ್ಗುತ್ತದೆ.

ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಯಾರೂ ಕೂತಿಲ್ಲ, ಕಾಲು ಚಾಚಿಕೊಳ್ಳಿ ಎಂದು ಹುಡುಗಿ ಹೇಳಿದಳು. ಚಾಚಲಿಲ್ಲ. ನಾನು ಕೂತದ್ದೂ ನನ್ನ ಸೀಟಲ್ಲ ಎಂದು ಅವಳಿಗೇನು ಗೊತ್ತು!

ಮತ್ತೆ ಶ್ರೀನಗರ

ಬಂದ ಮೇಲೆ ಶಾಲು ಹೊದಿಸಿದರು. ಮಗಳು ಜೆ.ಪಿ. ನಗರದಿಂದ ಬಂದು ಫೋಟೋ ತೆಗೆದಳು. ನಕ್ಷೆಯ ಒಂದು ಪ್ರತಿಯನ್ನು ಡಾಕ್ಟರು ನನಗೆ ಕೊಟ್ಟರು. ಅದನ್ನು ಬಿಚ್ಚದೆ ಬೀರುವಿನ ಮೇಲಿಟ್ಟೆ. ಕಾಲು ನೋವು ಎಂದು ಬಳಗಕ್ಕೆ ಹೋಗುವುದನ್ನೂ ಬಿಟ್ಟೆ. ಮೊದಲು ನಮ್ಮನೆ, ಆಮೇಲೆ ನಿಮ್ಮನೆ ಎಂದಿದ್ದರಲ್ಲ, ಬಂದುಬಿಟ್ಟಾರು ಎಂದು ಗೇಟಿಗೆ ಬೀಗ ಹಾಕಿಕೊಂಡಿರುತ್ತಿದ್ದೆ.

ಆ ಪುಸ್ತಕ ಬರೆದವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತು. ಹುಡುಕಿದೆ, ಸಿಗಲಿಲ್ಲ ಎಂದು ಬರೆಯಬಹುದಿತ್ತು, ನೀವು ನಂಬುತ್ತಿದ್ದಿರಿ. ಈಗಲೂ ಹೊಸಕೆರೆಹಳ್ಳಿಯಲ್ಲೇ ಇದ್ದಾಳೆ. ಬೆಳಿಗ್ಗೆ ಕತ್ರಿಗುಪ್ಪೆಯ ಕಡೆಯ ಮನೆಗಳಿಗೆ ಬರುತ್ತಾಳೆ, ಅದೇ ಬ್ಯಾಗು. ನಾನು ತರಕಾರಿಗೆ ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ. ಎಪ್ಪತ್ತೆಂಟರ ಕಾಲಿಗೆ ಅದು ಹೆಚ್ಚೇ. ಒಂದು ಸಲ ತಿರುವಿನಲ್ಲಿ ಎದುರಿಗೇ ಸಿಕ್ಕಳು. "ಚೆನ್ನಾಗಿದೀರಾ ಸಾರ್?" ಎಂದಳು. "ಹೂಂ" ಎಂದು ಛತ್ರಿ ಅಡ್ಡ ಹಿಡಿದೆ. ಮಳೆ ಇರಲಿಲ್ಲ.

ವಾಚನಾಲಯದವರು ರಸ್ತೆಯಲ್ಲಿ ಹಿಡಿದುಕೊಂಡ ದಿನ ಮನೆಗೆ ಬಂದು ಬೀರು ತೆಗೆದೆ. ಸರೋಜಾಳ ಸೀರೆಗಳ ಕೆಳಗೆ ಆ ನೋಟ್‌ಬುಕ್ಕಿದೆ. ಗೋಡೆಗೆ ಒರಗಿ ನಿಲ್ಲುತ್ತಿದ್ದವಳದೇ ಪುಸ್ತಕ. ವಾಪಸ್ಸು ಕೊಡಲೇ ಇಲ್ಲ ನಾನು. ನನ್ನ ಮನೆಯ ಪುಟ ತೆಗೆದೆ. ನಕಲು ಮಾಡುವಾಗ ಗುರುತುಗಳನ್ನು ಕಂಡ ಕೂಡಲೇ ಪುಟ ಮಗುಚಿದ್ದೆ, ಪೂರ್ತಿ ಓದಿರಲಿಲ್ಲ. ಧೂಪಾರತಿ. ಮೂರು ಹನಿ, ಅದು ನಮ್ಮ ಮುಂದಿನ ಗೋಡೆ, ಬೀದಿಯಿಂದಲೇ ಕಾಣುತ್ತದೆ. ಮುಚ್ಚಿದ ಬಾಗಿಲು. ಅದರ ಕೆಳಗೆ ಪೆನ್ಸಿಲಿನಲ್ಲಿ, ಅಂಕುಡೊಂಕು ಅಕ್ಷರದಲ್ಲಿ ಎರಡು ಸಾಲು:

"ಅಮ್ಮ ಕಿಟಕಿಯಿಂದ ನೋಡಿ ನಕ್ಕರು. ಇನ್ನೊಂದು ಸಲ ಹೋಗಬೇಕು."

ಮತ್ತೆ ಬಂದಿದ್ದಳೋ ಇಲ್ಲವೋ, ಬಂದು ಗೇಟಿನಲ್ಲಿ ನನ್ನನ್ನು ಕಂಡು ಹಿಂದಿರುಗಿದಳೋ, ಗೊತ್ತಿಲ್ಲ. ಸರೋಜಾ ಕಿಟಕಿಗೆ ಬಂದಿದ್ದಳು ಎಂದೇ ನನಗೆ ತಿಳಿದಿರಲಿಲ್ಲ. ಅವಳ ಒಂದು ನಗು ಈ ಪುಸ್ತಕದಲ್ಲಿ ಉಳಿದಿತ್ತು. ಅದನ್ನು ಕಂಡವಳು, ಬರೆದಿಟ್ಟವಳು ಇವಳು.

ಬೀರುವಿನ ಮೇಲಿನ ನಕ್ಷೆಯನ್ನು ಬಿಚ್ಚಿ, ನಮ್ಮ ರಸ್ತೆಯಲ್ಲಿ ಬಿಟ್ಟಿದ್ದ ಜಾಗದಲ್ಲಿ ನನ್ನ ಮನೆಯನ್ನು ಬರೆದೆ, ಮೂರೂ ಗುರುತುಗಳೊಂದಿಗೆ. ಈ ಬರಹದ ಒಂದು ಪ್ರತಿಯನ್ನು ವಸುಧಾ ಅವರಿಗೆ ಕಳಿಸುತ್ತಿದ್ದೇನೆ. ಪುಸ್ತಕವನ್ನು ನಾನೇ ಕೊಂಡೊಯ್ದು ಕೊಡಬೇಕು. ಇನ್ನೂ ಹೋಗಿಲ್ಲ. ಹೋದೆ ಎಂದು ಬರೆದು ಮುಗಿಸಲು ಮನಸ್ಸಾಗಿತ್ತು, ಆದರೆ ಅವಳ ವಿಷಯದಲ್ಲಿ ಬರೆದ ಸುಳ್ಳು ಒಂದು ಸಾಕು.

ಪುಸ್ತಕದ ರಟ್ಟಿನ ಮೇಲೆ ಮಕ್ಕಳು ಅಂಟಿಸುವಂಥ ಲೇಬಲ್ ಇದೆ. ತರಗತಿ ಎಂಬಲ್ಲಿ ಖಾಲಿ ಬಿಟ್ಟಿದ್ದಾಳೆ. ವಿಷಯ ಎಂಬಲ್ಲಿ "ಉಸಿರು" ಎಂದು ಬರೆದಿದ್ದಾಳೆ. ಮೇಲಿನ ಗೆರೆಯಲ್ಲಿ ಅವಳ ಹೆಸರು. ಮೂವತ್ತೆಂಟು ವರ್ಷ ಈ ಕೈ ಸಾವಿರಾರು ಲೇಬಲ್ಲುಗಳ ಮೇಲೆ ಯಾರು ಯಾರದೋ ಹೆಸರು ಬರೆದಿದೆ. ಇದನ್ನೂ ಬರೆಯುತ್ತದೆ.

ಚಿಕ್ಕತಾಯಮ್ಮ.